ದಿ ಮಿಸ್ಟ್ಸ್ ಆಫ್ ಅವಲಾನ್

ದಿ ಮಿಸ್ಟ್ಸ್ ಆಫ್ ಅವಲಾನ್ (ಅರ್ಥ: ಅವಲಾನಿನ ಮಂಜು) ಅಮೆರಿಕದ ಲೇಖಕಿ ಮೇರಿಯನ್ ಜಿಮ್ಮರ್ ಬ್ರಾಡ್ಲಿ ಇಂಗ್ಲಿಷಿನಲ್ಲಿ ರಚಿಸಿದ ಐತಿಹಾಸಿಕ ಫ್ಯಾಂಟಸಿ ಕಾದಂಬರಿ. ಇದನ್ನು 1983ರಲ್ಲಿ ಆಲ್ಫ್ರೆಡ್ ಎ. ನಾಫ್ ಸಂಸ್ಥೆ ಪ್ರಕಟಿಸಿತು. ಬ್ರಿಟನ್ನಿನ ಪುರಾಣಪ್ರಸಿದ್ಧ ದೊರೆ ಆರ್ಥರನ ಕಥೆಯನ್ನು ಈ ಕೃತಿಯು ಅವನ ಸುತ್ತಲಿದ್ದ ಸ್ತ್ರೀಯರ ದೃಷ್ಟಿಯಿಂದ, ಮುಖ್ಯವಾಗಿ ಅವನ ಅಕ್ಕ ಮಾರ್ಗೇನಳ ದೃಷ್ಟಿಯಿಂದ ನಿರೂಪಿಸುತ್ತದೆ. ರೋಮನ್ ಸೈನ್ಯವು ಬ್ರಿಟನ್ನನ್ನು ತೊರೆದು ಹೋದ ಬಳಿಕ, ಸ್ಯಾಕ್ಸನ್ನರ ದಾಳಿಗಳು ನಡೆಯುತ್ತಿದ್ದ ಮಧ್ಯಯುಗದ ಆರಂಭಕಾಲ ಇದರ ಹಿನ್ನೆಲೆ. ಆ ಕಾಲದಲ್ಲಿ ಹಳೆಯ ಕೆಲ್ಟಿಕ್ ದೇವತಾರಾಧನೆ ಹಾಗೂ ಹರಡುತ್ತಿದ್ದ ಕ್ರೈಸ್ತಧರ್ಮದ ನಡುವೆ ನಡೆಯಿತೆಂದು ಲೇಖಕಿ ಕಲ್ಪಿಸಿಕೊಂಡ ಸಂಘರ್ಷವೇ ಕಾದಂಬರಿಯ ಕೇಂದ್ರವಸ್ತು. ಎಂಟುನೂರಕ್ಕೂ ಹೆಚ್ಚು ಪುಟಗಳ ಈ ಬೃಹತ್ ಗ್ರಂಥವು ಪ್ರಕಟವಾದ ವರ್ಷವೇ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯನ್ನು ಸೇರಿತು. 1984ರಲ್ಲಿ ಶ್ರೇಷ್ಠ ಫ್ಯಾಂಟಸಿ ಕಾದಂಬರಿಗೆ ನೀಡುವ ಲೋಕಸ್ ಪ್ರಶಸ್ತಿಯನ್ನು ಪಡೆಯಿತು.

ಲೇಖಕಿ

ಬ್ರಾಡ್ಲಿ 1930ರ ಜೂನ್ 3ರಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಜನಿಸಿದರು. ಡಾರ್ಕೋವರ್ ಎಂಬ ಕಾಲ್ಪನಿಕ ಗ್ರಹದ ಕಥಾಮಾಲೆಯಿಂದ ವೈಜ್ಞಾನಿಕ ಕಥಾಸಾಹಿತ್ಯದ ಓದುಗರಿಗೆ ಮೊದಲೇ ಪರಿಚಿತರಾಗಿದ್ದರು. ಮಿಸ್ಟ್ಸ್ ಆಫ್ ಅವಲಾನ್ ಅವರನ್ನು ಆ ಸೀಮಿತ ವಲಯದಿಂದ ಹೊರಗಿನ ವಿಶಾಲ ಓದುಗವರ್ಗಕ್ಕೆ ತಲುಪಿಸಿತು. 1999ರ ಸೆಪ್ಟೆಂಬರ್ 25ರಂದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ನಿಧನರಾದರು. ಮರಣೋತ್ತರವಾಗಿ, 2000ದಲ್ಲಿ, ಅವರಿಗೆ ಜೀವಮಾನ ಸಾಧನೆಗಾಗಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯನ್ನು ನೀಡಲಾಯಿತು. ಅವರ ವೈಯಕ್ತಿಕ ಜೀವನದ ಕುರಿತು 2014ರಲ್ಲಿ ಹೊರಬಂದ ಗಂಭೀರ ಆರೋಪಗಳು ಈ ಕೃತಿಯ ಓದಿನ ಮೇಲೂ ಪರಿಣಾಮ ಬೀರಿವೆ (ಕೆಳಗೆ ನೋಡಿ).

ಕಥಾಸಾರ

ಕಾದಂಬರಿಯು ನಾಲ್ಕು ಭಾಗಗಳಾಗಿ ವಿಂಗಡಣೆಗೊಂಡಿದೆ. ಅವುಗಳ ಶೀರ್ಷಿಕೆಗಳನ್ನು ಕನ್ನಡದಲ್ಲಿ ಕ್ರಮವಾಗಿ ‘ಮಾಟದ ಒಡತಿ’, ‘ಮಹಾರಾಣಿ’, ‘ಸಾರಂಗರಾಜ’ ಮತ್ತು ‘ಓಕ್ ಮರದ ಬಂದಿ’ ಎನ್ನಬಹುದು. ಬಹುಪಾಲು ನಿರೂಪಣೆ ಪ್ರಥಮ ಪುರುಷದಲ್ಲಿದ್ದು, ನಡುನಡುವೆ ವೃದ್ಧೆಯಾದ ಮಾರ್ಗೇನ್ ತಾನೇ ಹಿಂದಿನದನ್ನು ನೆನೆದು ಹೇಳುವ ಭಾಗಗಳು ಬರುತ್ತವೆ.

ಕಥೆಯ ಆರಂಭದಲ್ಲಿ ಕಾರ್ನ್‌ವಾಲಿನ ಡ್ಯೂಕ್ ಗೊರ್ಲೊಯಿಸನ ತರುಣ ಪತ್ನಿ ಇಗ್ರೇನ್, ಸಮುದ್ರತೀರದ ಟಿಂಟಾಜೆಲ್ ಕೋಟೆಯಲ್ಲಿ ಪುಟ್ಟ ಮಗಳು ಮಾರ್ಗೇನಳೊಡನೆ ವಾಸಿಸುತ್ತಿರುತ್ತಾಳೆ. ಅವಲಾನ್ ದ್ವೀಪದ ಪ್ರಧಾನ ಪೂಜಾರಿಣಿಯೂ ತನ್ನ ಅಕ್ಕನೂ ಆದ ವಿವಿಯನ್, ಡ್ರೂಯಿಡರ ಮುಖ್ಯಸ್ಥ ಟಾಲಿಯೆಸಿನನೊಡನೆ ಅಲ್ಲಿಗೆ ಬಂದು, ಹಳೆಯ ಧರ್ಮದವರನ್ನೂ ಕ್ರೈಸ್ತರನ್ನೂ ಒಂದುಗೂಡಿಸಬಲ್ಲ ದೊರೆಯೊಬ್ಬನು ಇಗ್ರೇನಳ ಗರ್ಭದಿಂದ, ಆದರೆ ಬೇರೊಬ್ಬ ಪುರುಷನಿಂದ ಹುಟ್ಟಬೇಕೆಂದು ತಿಳಿಸುತ್ತಾಳೆ. ಇಗ್ರೇನ್ ಮೊದಲು ಪ್ರತಿಭಟಿಸುತ್ತಾಳೆ. ಮುಂದೆ ಗೊರ್ಲೊಯಿಸ್ ಯುದ್ಧದಲ್ಲಿ ಹತನಾಗಿ, ಅವಳು ಯೂಥರ್ ಪೆಂಡ್ರಾಗನನ ರಾಣಿಯಾಗುತ್ತಾಳೆ, ಆರ್ಥರ್ ಜನಿಸುತ್ತಾನೆ.

ಬಾಲಕಿ ಮಾರ್ಗೇನಳನ್ನು ವಿವಿಯನ್ ಅವಲಾನಿಗೆ ಕರೆದೊಯ್ದು ಪೂಜಾರಿಣಿಯ ದೀಕ್ಷೆ ನೀಡುತ್ತಾಳೆ. ದೀಕ್ಷೆಯ ಗುರುತಾಗಿ ಅವಳ ಹಣೆಯ ಮೇಲೆ ನೀಲಿಯ ಅರ್ಧಚಂದ್ರವನ್ನು ಬರೆಯಲಾಗುತ್ತದೆ. ಕೆಲವು ವರ್ಷಗಳ ಬಳಿಕ ಬೆಲ್ಟೇನ್ ಹಬ್ಬದ ರಾತ್ರಿ, ದೊರೆಗೂ ನೆಲಕ್ಕೂ ವಿವಾಹ ನಡೆಸುವ ವಿಧಿಯಲ್ಲಿ ಅವಳು ಭೂದೇವಿಯ ಸ್ಥಾನದಲ್ಲಿ ನಿಲ್ಲುತ್ತಾಳೆ. ಸಾರಂಗಗಳೊಡನೆ ಓಡಿ ಹಿಂಡಿನ ಗಂಡನ್ನು ಕೊಂದು ಬಂದ ತರುಣನೊಬ್ಬನನ್ನು ಕೂಡುತ್ತಾಳೆ. ಬೆಳಗಿನ ಬೆಳಕಿನಲ್ಲಿ ಆತ ತನ್ನ ತಮ್ಮ ಆರ್ಥರನೆಂಬುದು ಇಬ್ಬರಿಗೂ ತಿಳಿಯುತ್ತದೆ. ಎಲ್ಲವನ್ನೂ ಅರಿತೇ ಇದನ್ನು ಏರ್ಪಡಿಸಿದ ವಿವಿಯನಳನ್ನು ಕ್ಷಮಿಸಲಾರದೆ ಗರ್ಭಿಣಿ ಮಾರ್ಗೇನ್ ಅವಲಾನನ್ನು ತೊರೆಯುತ್ತಾಳೆ. ಹುಟ್ಟಿದ ಮಗು ಗ್ವಿಡಿಯನನನ್ನು, ಅಂದರೆ ಮುಂದಿನ ಮೋರ್ಡ್ರೆಡನನ್ನು, ಅಧಿಕಾರದಾಹಿಯಾದ ಚಿಕ್ಕಮ್ಮ ಮಾರ್ಗೋಸ್ ಸಾಕುತ್ತಾಳೆ.

ಆರ್ಥರನು ಅವಲಾನಿನ ಖಡ್ಗ ಎಕ್ಸ್‌ಕ್ಯಾಲಿಬರನ್ನು ಸ್ವೀಕರಿಸಿ, ಹಳೆಯ ಧರ್ಮವನ್ನೂ ಕಾಪಾಡುವೆನೆಂದು ಮಾತು ಕೊಟ್ಟು ಪಟ್ಟವೇರುತ್ತಾನೆ. ಧರಿಸಿದವನ ಗಾಯದಿಂದ ಅತಿಯಾಗಿ ರಕ್ತ ಹರಿಯದಂತೆ ತಡೆಯುವ ಆ ಖಡ್ಗದ ಒರೆಯನ್ನು ಕಸೂತಿ ಹಾಕಿ ಸಿದ್ಧಪಡಿಸಿದವಳು ಮಾರ್ಗೇನ್. ಆದರೆ ಅವನ ರಾಣಿ ಗ್ವೆನ್‌ಹ್ವಿವರ್ ಕ್ರೈಸ್ತ ಮಠದಲ್ಲಿ ಬೆಳೆದವಳು. ತೆರೆದ ಬಯಲನ್ನು ಕಂಡರೆ ನಡುಗುವವಳು. ಆರ್ಥರನ ಆಪ್ತನೂ ವಿವಿಯನಳ ಮಗನೂ ಆದ ಲ್ಯಾನ್ಸಲೆಟನನ್ನು ಪ್ರೀತಿಸುತ್ತಿರುವವಳು. ತನಗೆ ಮಕ್ಕಳಾಗದಿರುವುದಕ್ಕೆ ಆಸ್ಥಾನದಲ್ಲಿ ಉಳಿದಿರುವ ಪೇಗನ್ ಆಚರಣೆಗಳೇ ಕಾರಣವೆಂದು ನಂಬಿ, ಅವಳು ಪೆಂಡ್ರಾಗನನ ಧ್ವಜವನ್ನು ಕೆಳಗಿಳಿಸಿ ಶಿಲುಬೆಯ ಧ್ವಜವನ್ನು ಹಾರಿಸುವಂತೆ ಗಂಡನನ್ನು ಒಪ್ಪಿಸುತ್ತಾಳೆ. ಬೇಡನ್ ಬೆಟ್ಟದ ಯುದ್ಧದಲ್ಲಿ ಆರ್ಥರನು ಅವಳೇ ಸಿದ್ಧಪಡಿಸಿದ ಆ ಧ್ವಜದ ಅಡಿಯಲ್ಲಿ ಗೆಲ್ಲುತ್ತಾನೆ. ಕಾದಂಬರಿಯ ನಿಜವಾದ ತಿರುವು ಇದೇ. ಇಲ್ಲಿಂದ ಮುಂದೆ ಅವಲಾನಿನವರಿಗೆ ಆರ್ಥರನು ವಚನಭ್ರಷ್ಟ; ಅವನಿಗಾದರೋ ತಾನು ಮಾಡಿದ್ದು ಬಹುಸಂಖ್ಯಾತ ಪ್ರಜೆಗಳ ಮನಸ್ಸಿಗೆ ತಕ್ಕ ರಾಜಕಾರಣ.

ಈ ವಚನಭಂಗಕ್ಕೆ ಉತ್ತರ ಕೇಳಲು ಆಸ್ಥಾನಕ್ಕೆ ಬಂದ ವಿವಿಯನಳನ್ನು, ಹಳೆಯ ವೈಯಕ್ತಿಕ ದ್ವೇಷದಿಂದ ಬೇಲಿನ್ ಎಂಬ ಯೋಧನು ಎಲ್ಲರೆದುರಿಗೇ ಕೊಲ್ಲುತ್ತಾನೆ. ಮಾರ್ಗೇನಳನ್ನು ಉತ್ತರ ವೇಲ್ಸಿನ ವೃದ್ಧ ದೊರೆ ಯೂರಿಯನ್ಸನಿಗೆ ವಿವಾಹ ಮಾಡಿಕೊಡಲಾಗುತ್ತದೆ. ಅವಳು ಆತನ ಮಗ ಅಕೊಲನನ ಮೂಲಕ ಎಕ್ಸ್‌ಕ್ಯಾಲಿಬರನ್ನು ಮರಳಿ ಪಡೆಯಲು ಸಂಚು ಹೂಡುತ್ತಾಳೆ. ಅಕೊಲನ್ ಆರ್ಥರನ ಕೈಯಲ್ಲಿ ಸಾಯುತ್ತಾನೆ. ಮಾರ್ಗೇನ್ ಖಡ್ಗದ ಒರೆಯನ್ನು ಕದ್ದು ನೀರಿಗೆಸೆಯುತ್ತಾಳೆ. ಟಾಲಿಯೆಸಿನನ ನಂತರ ಮರ್ಲಿನ್ ಪದವಿಗೆ ಬಂದ ಕೆವಿನ್ ಎಂಬ ಅಂಗವಿಕಲ ವೀಣಾವಾದಕನು, ಹಳೆಯ ಧರ್ಮವು ಉಳಿಯಬೇಕಾದರೆ ಅದು ಹೊಸದರೊಳಗೆ ಬೆರೆಯಲೇಬೇಕೆಂದು ನಂಬಿ, ಅವಲಾನಿನ ಪವಿತ್ರ ಪಾತ್ರೆಗಳನ್ನು ಕ್ಯಾಮೆಲಾಟಿನ ಕ್ರೈಸ್ತ ಪೂಜೆಗೆ ಒಯ್ಯುತ್ತಾನೆ. ಅದು ಅಪವಿತ್ರವಾಗುವುದನ್ನು ತಡೆಯಲು ಮಾರ್ಗೇನ್ ದೇವಿಯನ್ನು ತನ್ನೊಳಗೆ ಆವಾಹಿಸಿಕೊಂಡು, ಪಾನಪಾತ್ರೆಯನ್ನು ಹಿಡಿದು ಸಭೆಯ ನಡುವೆ ಸಾಗುತ್ತಾಳೆ. ನೆರೆದ ಪ್ರತಿಯೊಬ್ಬರೂ ತಂತಮ್ಮ ನಂಬಿಕೆಗೆ ತಕ್ಕ ದರ್ಶನವನ್ನು ಕಾಣುತ್ತಾರೆ. ಪಾತ್ರೆ ಮಾಯವಾಗುತ್ತದೆ, ಯೋಧರು ಅದನ್ನು ‘ಹೋಲಿ ಗ್ರೇಲ್’ ಎಂದು ಕರೆದು ಹುಡುಕಹೊರಡುತ್ತಾರೆ, ದುಂಡುಮೇಜಿನ ಬಳಗ ಚದುರಿಹೋಗುತ್ತದೆ. ಹೀಗೆ ಅವಲಾನನ್ನು ಉಳಿಸಲು ಮಾಡಿದ ಕಾರ್ಯವೇ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಐತಿಹ್ಯವೊಂದಕ್ಕೆ ಜನ್ಮ ನೀಡುತ್ತದೆ.

ಕೊನೆಯಲ್ಲಿ ಮೋರ್ಡ್ರೆಡನೂ ಆರ್ಥರನೂ ಪರಸ್ಪರ ಹೋರಾಡಿ ಅಳಿಯುತ್ತಾರೆ. ಆರ್ಥರನು ಮಾರ್ಗೇನಳ ಮಡಿಲಲ್ಲಿ ಪ್ರಾಣಬಿಡುತ್ತಾನೆ. ವರ್ಷಗಳ ನಂತರ ಗ್ಲಾಸ್ಟನ್‌ಬರಿಯ ಸನ್ಯಾಸಿನಿಯರ ಮಠಕ್ಕೆ ಹೋದ ಮಾರ್ಗೇನ್, ಅಲ್ಲಿನ ಸಂತೆ ಬ್ರಿಜಿಡಳ ಪ್ರತಿಮೆಯಲ್ಲಿ ತನ್ನ ದೇವಿಯನ್ನೇ ಗುರುತಿಸುತ್ತಾಳೆ.

ಅವಲಾನಿನ ಕಲ್ಪನೆ

ಕಾದಂಬರಿಯ ಅತ್ಯಂತ ಸ್ವೋಪಜ್ಞ ಅಂಶವೆಂದರೆ ಅದರ ಭೂಗೋಳ. ಅವಲಾನ್ ಮತ್ತು ಗ್ಲಾಸ್ಟನ್‌ಬರಿ ಎಂಬ ಎರಡು ಸ್ಥಳಗಳು ಇಲ್ಲಿ ಒಂದೇ ನೆಲದ ಎರಡು ಪದರಗಳು. ಸರೋವರದ ಮೇಲೆ ದೋಣಿಯಲ್ಲಿ ಸಾಗುವಾಗ ದೀಕ್ಷೆ ಪಡೆದವಳು ಕೈಯೆತ್ತಿ ಮಂಜನ್ನು ಸರಿಸಿದರೆ ದೇವಿಯ ದ್ವೀಪ ಕಾಣುತ್ತದೆ. ಆ ಶಕ್ತಿ ಇಲ್ಲದವರಿಗೆ ಅದೇ ದಡದಲ್ಲಿ ಕ್ರೈಸ್ತ ಸನ್ಯಾಸಿಗಳ ಮಠ ಎದುರಾಗುತ್ತದೆ. ಜನರು ಯಾವುದನ್ನು ನಂಬುತ್ತಾರೋ ಜಗತ್ತು ಅದೇ ಆಗುತ್ತದೆ ಎಂಬುದು ಕಾದಂಬರಿಯ ತತ್ತ್ವ. ಆದ್ದರಿಂದ ಹಳೆಯ ನಂಬಿಕೆ ಕ್ಷೀಣಿಸಿದಂತೆಲ್ಲ ಅವಲಾನ್ ಮಂಜಿನೊಳಗೆ ದೂರ ಸರಿಯುತ್ತದೆ. ಅದಕ್ಕೂ ಆಚೆ, ಇನ್ನೂ ಹಿಂದೆಯೇ ಸರಿದುಹೋದ ಯಕ್ಷಲೋಕವೊಂದು ಇದೆ. ಧರ್ಮಸಂಘರ್ಷವನ್ನು ಕತ್ತಿಯ ಕಾಳಗವಾಗಿ ಚಿತ್ರಿಸದೆ, ನೆನಪಿನಿಂದ ಅಳಿಸಿಹೋಗುವ ಭಯವಾಗಿ ಚಿತ್ರಿಸಿದ್ದರಿಂದಲೇ ಕೃತಿಗೆ ವಿಷಾದದ ಗಾಢ ಧ್ವನಿ ದೊರೆತಿದೆ.

‘ಮರ್ಲಿನ್’ ಮತ್ತು ‘ಸರೋವರದ ಒಡತಿ’ ಎಂಬವು ವ್ಯಕ್ತಿಗಳ ಹೆಸರಾಗಿರದೆ ಪದವಿಗಳಾಗಿರುವುದು ಇನ್ನೊಂದು ಮಾರ್ಪಾಡು. ಹಳೆಯ ಕಥೆಗಳಲ್ಲಿ ಒಬ್ಬರೇ ಎಂದೋ ಬೇರೆಬೇರೆ ಎಂದೋ ಗೊಂದಲವಾಗಿ ಬರುವ ಪಾತ್ರಗಳನ್ನು ಲೇಖಕಿ ಈ ಉಪಾಯದಿಂದ ಬೇರ್ಪಡಿಸಿದ್ದಾರೆ.

ಆಕರಗಳು ಮತ್ತು ಐತಿಹಾಸಿಕತೆ

ಮಾರ್ಗೇನಳ ಮೂಲವು 12ನೆಯ ಶತಮಾನಕ್ಕೆ ಸೇರಿದೆ. ಜೆಫ್ರಿ ಆಫ್ ಮನ್ಮೌತ್ ಸುಮಾರು 1150ರಲ್ಲಿ ಲ್ಯಾಟಿನ್ನಿನಲ್ಲಿ ರಚಿಸಿದ ‘ವೀಟಾ ಮೆರ್ಲಿನಿ’ ಎಂಬ ಕಾವ್ಯದಲ್ಲಿ ಮಾರ್ಗೆನ್ ಎಂಬವಳು ಸೇಬುಗಳ ದ್ವೀಪದಲ್ಲಿ ವಾಸಿಸುವ ಒಂಬತ್ತು ಸೋದರಿಯರಲ್ಲಿ ಹಿರಿಯಳು, ವೈದ್ಯವಿದ್ಯೆ ಬಲ್ಲವಳು. ಗಾಯಗೊಂಡ ಆರ್ಥರನನ್ನು ಅಲ್ಲಿಗೆ ಒಯ್ಯಲಾಗುತ್ತದೆ. ಅವಳು ಆರ್ಥರನ ಸೋದರಿಯಾದದ್ದೂ, ಕ್ರಮೇಣ ಸಂಚುಗಾರ ಮಾಟಗಾತಿಯಾದದ್ದೂ ಮುಂದಿನ ಫ್ರೆಂಚ್ ಕಥನಗಳಲ್ಲಿ. 1485ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಮುದ್ರಿಸಿದ ಥಾಮಸ್ ಮೆಲರಿಯ ‘ಲ ಮೋರ್ಟ್ ಡಾರ್ಥರ್’ ಗ್ರಂಥದಲ್ಲಿ ಅವಳು ಒರೆಯನ್ನು ಕದಿಯುತ್ತಾಳೆ, ಅಕೊಲನನನ್ನು ಆರ್ಥರನ ಮೇಲೆ ಕಳುಹಿಸುತ್ತಾಳೆ. ಆದರೂ ಕೊನೆಗೆ ಅವನನ್ನು ಅವಲಾನಿಗೆ ಒಯ್ಯುವ ದೋಣಿಯಲ್ಲಿ ಅವಳೇ ಇರುತ್ತಾಳೆ. ಅಷ್ಟೊಂದು ದ್ವೇಷಿಸಿದವಳು ಕೊನೆಯಲ್ಲಿ ಶುಶ್ರೂಷೆಗೆ ಬರುವುದೇಕೆ ಎಂಬ ಪ್ರಶ್ನೆಗೆ ಮೆಲರಿ ಉತ್ತರ ಕೊಡುವುದಿಲ್ಲ. ಬ್ರಾಡ್ಲಿಯವರ ಇಡೀ ಕಾದಂಬರಿಯನ್ನು ಆ ಪ್ರಶ್ನೆಯ ಉತ್ತರವೆಂದು ಓದಬಹುದು.

ಗ್ರೇಲನ್ನು ಕೆಲ್ಟಿಕ್ ಮೂಲದ್ದೆಂದು ತೋರಿಸುವ ಕಾದಂಬರಿಯ ಯತ್ನಕ್ಕೆ ಹಿನ್ನೆಲೆ ಇಲ್ಲದಿಲ್ಲ. ಪರಲೋಕದಿಂದ ತಂದ, ಒಂಬತ್ತು ಕನ್ಯೆಯರ ಉಸಿರಿನಿಂದ ಕಾಯುವ ಕೊಪ್ಪರಿಗೆಯೊಂದರ ಪ್ರಸ್ತಾಪ ಹಳೆಯ ವೆಲ್ಷ್ ಕಾವ್ಯದಲ್ಲಿದೆ. ಇಂತಹ ಕೊಪ್ಪರಿಗೆಯೇ ಮುಂದೆ ಗ್ರೇಲ್ ಆಯಿತೆಂದು 20ನೆಯ ಶತಮಾನದ ಹಲವು ವಿದ್ವಾಂಸರು ವಾದಿಸಿದ್ದರು. ಈ ವಾದಕ್ಕೆ ಈಗ ಮೊದಲಿನಷ್ಟು ಮನ್ನಣೆ ಇಲ್ಲ. ದೊರೆಯು ನೆಲವನ್ನು ವರಿಸುವ ಕಲ್ಪನೆಯೂ ಮಧ್ಯಯುಗದ ಐರಿಷ್ ಸಾಹಿತ್ಯದಲ್ಲಿ ನಿಶ್ಚಿತವಾಗಿ ಇದೆ. ಆದರೆ ಬೆಲ್ಟೇನ್ ರಾತ್ರಿ ಸಾರಂಗವನ್ನು ಕೊಂದು ಪೂಜಾರಿಣಿಯನ್ನು ಕೂಡುವ ವಿಧಿಗೆ ಯಾವ ಪ್ರಾಚೀನ ಆಧಾರವೂ ಇಲ್ಲ. ಅದರ ಹಿಂದಿರುವುದು ಜೇಮ್ಸ್ ಫ್ರೇಜರ್ ಅವರ ‘ದಿ ಗೋಲ್ಡನ್ ಬೋ’ ಗ್ರಂಥದಂತಹ ಆಧುನಿಕ ಬರಹಗಳು.

ಧ್ವಜಪ್ರಸಂಗದ ಬೇರು ಕುತೂಹಲಕರ. 9ನೆಯ ಶತಮಾನದ ‘ಹಿಸ್ಟೋರಿಯಾ ಬ್ರಿಟೋನಮ್’ ಗ್ರಂಥವು ಆರ್ಥರನು ಒಂದು ಯುದ್ಧದಲ್ಲಿ ಕನ್ಯೆ ಮೇರಿಯ ಬಿಂಬವನ್ನು ಹೆಗಲ ಮೇಲೆ ಹೊತ್ತಿದ್ದನೆನ್ನುತ್ತದೆ. ವೇಲ್ಸಿನ ವಾರ್ಷಿಕ ಘಟನಾವಳಿಗಳು ಬೇಡನ್ ಯುದ್ಧದಲ್ಲಿ ಅವನು ಮೂರು ದಿನ ಶಿಲುಬೆಯನ್ನು ಹೊತ್ತನೆನ್ನುತ್ತವೆ. ಅಂದರೆ ಲಭ್ಯವಿರುವ ಅತಿ ಹಳೆಯ ದಾಖಲೆಗಳಲ್ಲಿಯೇ ಆರ್ಥರ್ ಕ್ರೈಸ್ತ ವೀರ. ಅವನನ್ನು ಎರಡು ಧರ್ಮಗಳ ನಡುವೆ ಸಿಲುಕಿದವನನ್ನಾಗಿ ಮಾಡಿದ್ದು ಆಧುನಿಕ ಕಾದಂಬರಿಕಾರರು.

ಇತಿಹಾಸದ ದೃಷ್ಟಿಯಿಂದ ಡ್ರೂಯಿಡರ ಉಪಸ್ಥಿತಿಯೂ ಸಮಸ್ಯಾತ್ಮಕ. ಕ್ರಿ.ಶ. 60ರ ಸುಮಾರಿಗೆ ರೋಮನ್ ಸೈನ್ಯವು ಡ್ರೂಯಿಡರ ನೆಲೆಯಾಗಿದ್ದ ಮೋನಾ ದ್ವೀಪದ (ಇಂದಿನ ಆಂಗ್ಲ್‌ಸಿ) ಮೇಲೆ ದಾಳಿ ಮಾಡಿ ಅವರ ಪವಿತ್ರ ವನಗಳನ್ನು ನಾಶಪಡಿಸಿತು. 5ನೆಯ ಶತಮಾನದ ಬ್ರಿಟನ್ನಿನಲ್ಲಿ ಅವರು ಸಂಘಟಿತರಾಗಿ ಉಳಿದಿದ್ದರೆಂಬುದಕ್ಕೆ ಸಾಕ್ಷ್ಯವಿಲ್ಲ. ಆ ಕಾಲದ ಬ್ರಿಟನ್ನಿನ ಕ್ರೈಸ್ತರನ್ನು ಕಾಡಿದ್ದೆಂದು ದಾಖಲಾಗಿರುವ ಮುಖ್ಯ ಧಾರ್ಮಿಕ ವಿವಾದ ಕ್ರೈಸ್ತಧರ್ಮದ ಒಳಗಿನದೇ: ಮೂಲಪಾಪವನ್ನು ನಿರಾಕರಿಸಿದ ಪೆಲೇಜಿಯಸನ ಮತವನ್ನು ಖಂಡಿಸಲು ಓಸೇರಿನ ಬಿಷಪ್ ಜರ್ಮೇನಸನು 429ರಲ್ಲಿ ಬ್ರಿಟನ್ನಿಗೆ ಬಂದಿದ್ದನು. ಇನ್ನು ಇಡೀ ಯೂರೋಪಿನಲ್ಲಿ ಒಂದೇ ಮಹಾಮಾತೆಯ ಆರಾಧನೆ ಇತ್ತೆಂಬ ಕಲ್ಪನೆಯನ್ನು ಇತಿಹಾಸಕಾರ ರೊನಾಲ್ಡ್ ಹಟ್ಟನ್ ಮುಂತಾದವರು ವಿವರವಾಗಿ ಪ್ರಶ್ನಿಸಿದ್ದಾರೆ. ಕನ್ಯೆ, ತಾಯಿ, ಮುದುಕಿ ಎಂಬ ತ್ರಿರೂಪದ ದೇವಿಯ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು ರಾಬರ್ಟ್ ಗ್ರೇವ್ಸ್ 1948ರಲ್ಲಿ ಪ್ರಕಟಿಸಿದ ‘ದಿ ವೈಟ್ ಗಾಡೆಸ್’. ಅವಲಾನಿನ ಪೂಜಾರಿಣಿಯರ ಧರ್ಮದಲ್ಲಿ ಕಬ್ಬಿಣಯುಗದ ಕೆಲ್ಟರಿಗಿಂತ 20ನೆಯ ಶತಮಾನದ ವಿಕ್ಕ ಪಂಥದ ಛಾಯೆಯೇ ಹೆಚ್ಚು. ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಟ್ಟುಕೊಂಡು, ಕಾದಂಬರಿಯನ್ನು ಕೆಲ್ಟಿಕ್ ಧರ್ಮದ ಆಕರವಾಗಿ ಬಳಸದಿರುವುದು ಒಳಿತು.

ಅವಲಾನನ್ನು ಸಾಮರ್‌ಸೆಟ್ ಪ್ರಾಂತದ ಗ್ಲಾಸ್ಟನ್‌ಬರಿಯೊಂದಿಗೆ ಗುರುತಿಸುವ ಸಂಪ್ರದಾಯವಾದರೋ ಹಳೆಯದು. 1184ರಲ್ಲಿ ಅಲ್ಲಿನ ಮಠ ಬೆಂಕಿಗೆ ಆಹುತಿಯಾಯಿತು. 1191ರಲ್ಲಿ ಸನ್ಯಾಸಿಗಳು ಆರ್ಥರ್ ಮತ್ತು ಅವನ ರಾಣಿಯ ಸಮಾಧಿ ದೊರೆಯಿತೆಂದು ಸಾರಿದರು. ಮಠದ ಪುನರ್ನಿರ್ಮಾಣಕ್ಕೆ ಯಾತ್ರಿಕರನ್ನೂ ಹಣವನ್ನೂ ಆಕರ್ಷಿಸಲು ಹೂಡಿದ ಉಪಾಯ ಇದೆಂದು ಹಲವು ಇತಿಹಾಸಕಾರರು ಭಾವಿಸುತ್ತಾರೆ. ಊರಿನ ಸುತ್ತಲಿನ ತಗ್ಗುಪ್ರದೇಶವು ಹಿಂದೆ ಜೌಗುನೆಲವಾಗಿದ್ದು, ಟಾರ್ ಎಂಬ ಗುಡ್ಡವು ನೀರಿನ ನಡುವಿನ ದ್ವೀಪದಂತೆ ಕಾಣುತ್ತಿದ್ದಿರಬೇಕು. ಇಂದಿಗೂ ಚಳಿಗಾಲದ ಬೆಳಗಿನಲ್ಲಿ ಅದರ ಸುತ್ತ ಮಂಜು ಕವಿಯುತ್ತದೆ.

ಧರ್ಮಸಂಘರ್ಷದ ಚಿತ್ರಣ ಮತ್ತು ವಿಮರ್ಶೆ

ಹಳೆಯ ಕಥನಗಳಲ್ಲಿ ಹಿನ್ನೆಲೆಯಲ್ಲಿದ್ದ, ಇಲ್ಲವೇ ದುಷ್ಟರೆಂದು ಚಿತ್ರಿತರಾಗಿದ್ದ ಸ್ತ್ರೀಯರಿಗೆ ಮನಸ್ಸನ್ನೂ ಕಾರಣಗಳನ್ನೂ ಕೊಟ್ಟದ್ದಕ್ಕಾಗಿ ಕಾದಂಬರಿಯು ವ್ಯಾಪಕ ಮೆಚ್ಚುಗೆ ಪಡೆಯಿತು. ಸ್ತ್ರೀವಾದಿ ಮರುಕಥನದ ಮುಖ್ಯ ಮಾದರಿಯಾಗಿ ಇದನ್ನು ವಿಶ್ವವಿದ್ಯಾಲಯಗಳಲ್ಲಿ ಚರ್ಚಿಸಲಾಗಿದೆ.

ಕ್ರೈಸ್ತಧರ್ಮದ ಚಿತ್ರಣ ಏಕಪಕ್ಷೀಯವೆಂಬ ಆಕ್ಷೇಪ ಮೊದಲಿನಿಂದಲೂ ಇದೆ. ಬಿಷಪ್ ಪ್ಯಾಟ್ರಿಸಿಯಸನ ಪಾತ್ರವು ಸಂಕುಚಿತ ಮನಸ್ಸಿನ ಪಾದ್ರಿಯದು. ಗ್ವೆನ್‌ಹ್ವಿವರಳ ಭಕ್ತಿ ಬಹುಮಟ್ಟಿಗೆ ಭಯದ ಮತ್ತೊಂದು ಹೆಸರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಕೃತಿಯು ಅಷ್ಟು ಸರಳವಾಗಿಯೂ ಇಲ್ಲ. ಅರಿಮಥಿಯದ ಜೋಸೆಫನ ಸಂಗಡ ಬಂದ ಮೊದಲ ಕ್ರೈಸ್ತರು ಡ್ರೂಯಿಡರೊಡನೆ ಸ್ನೇಹದಿಂದ ಬಾಳಿದರೆಂದು ಕಾದಂಬರಿ ಹೇಳುತ್ತದೆ. ಎಲ್ಲ ದೇವರೂ ಒಬ್ಬನೇ ದೇವರೆಂದು ಟಾಲಿಯೆಸಿನ್ ಬೋಧಿಸುತ್ತಾನೆ. ಅವಲಾನಿನವರೂ ನಿರಪರಾಧಿಗಳಲ್ಲ. ವಿವಿಯನ್ ತನ್ನ ಉದ್ದೇಶಕ್ಕಾಗಿ ತಂಗಿ, ಸೋದರಿಯ ಮಗಳು, ಮಗ ಎಲ್ಲರನ್ನೂ ದಾಳಗಳಂತೆ ನಡೆಸುತ್ತಾಳೆ. ಮಾರ್ಗೇನ್ ಮುಂದೆ ಕೆವಿನನಿಗೆ ಮರಣದಂಡನೆ ವಿಧಿಸುವಾಗ ಅದೇ ಕ್ರೌರ್ಯವನ್ನು ಪುನರಾವರ್ತಿಸುತ್ತಾಳೆ. ಅವನನ್ನು ಮೋಹಿಸಿ ಕರೆತಂದ ತರುಣಿ ನಿಮ್ಯೂ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಕೃತಿಯ ತಾತ್ತ್ವಿಕ ಕೇಂದ್ರ ಕೆವಿನನ ದ್ರೋಹವೇ ಎಂದು ಹೇಳಬಹುದು: ಅಳಿಯುತ್ತಿರುವ ಧರ್ಮವೊಂದರ ವಾರಸುದಾರರು ಅದನ್ನು ಶುದ್ಧವಾಗಿಟ್ಟು ಅದರೊಂದಿಗೆ ಮರೆಯಾಗಬೇಕೋ, ಅನ್ಯರ ಹೆಸರಿನಲ್ಲಿಯಾದರೂ ಅದನ್ನು ಬಾಳಿಸಬೇಕೋ? ಕೊನೆಯ ಅಧ್ಯಾಯದಲ್ಲಿ ಬ್ರಿಜಿಡಳ ಪ್ರತಿಮೆಯೆದುರು ನಿಂತ ಮಾರ್ಗೇನ್, ತಾನೇ ಕೊಲ್ಲಿಸಿದವನ ವಾದವನ್ನು ಬಹಳ ತಡವಾಗಿ ಒಪ್ಪಿಕೊಂಡಂತಾಗುತ್ತದೆ. ಐರ್ಲೆಂಡಿನಲ್ಲಿ ಬ್ರಿಜಿಡ್ ಎಂಬ ಹೆಸರು ದೇವಿಗೂ ಸಂತೆಗೂ ಇರುವುದು ಐತಿಹಾಸಿಕ ಸಂಗತಿ; ಹೀಗಾಗಿ ಲೇಖಕಿಯ ಈ ಆಯ್ಕೆ ಆಕಸ್ಮಿಕವಲ್ಲ.

ಶೈಲಿಯ ದೃಷ್ಟಿಯಿಂದ ಕಾದಂಬರಿ ಅತಿ ದೀರ್ಘವಾಗಿದ್ದು, ನಡುವಿನ ಎರಡು ಭಾಗಗಳಲ್ಲಿ ಆಸ್ಥಾನದ ಸಂಭಾಷಣೆಗಳು ಪುನರುಕ್ತವೆನಿಸುತ್ತವೆ. ಯುದ್ಧಗಳು ಬಹುತೇಕ ತೆರೆಯ ಹಿಂದೆ ನಡೆಯುತ್ತವೆ. ನೂಲುತ್ತ, ನೇಯುತ್ತ, ಸುದ್ದಿಗಾಗಿ ಕಾಯುವ ಸ್ತ್ರೀಯರ ಕೋಣೆಯೇ ಇಲ್ಲಿ ರಂಗಸ್ಥಳ.

ಲೇಖಕಿಯ ಮೇಲಿನ ಆರೋಪಗಳು

ಬ್ರಾಡ್ಲಿಯವರ ಪತಿ ವಾಲ್ಟರ್ ಬ್ರೀನ್ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆಗೊಳಗಾಗಿ, 1993ರಲ್ಲಿ ಸೆರೆಯಲ್ಲಿದ್ದಾಗ ನಿಧನರಾದರು. 2014ರಲ್ಲಿ ಬ್ರಾಡ್ಲಿಯವರ ಮಗಳು, ಬಾಲ್ಯದಲ್ಲಿ ತಾಯಿಯೂ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂದು ಬಹಿರಂಗವಾಗಿ ತಿಳಿಸಿದರು. ಆ ವೇಳೆಗೆ ಬ್ರಾಡ್ಲಿ ತೀರಿಕೊಂಡು ಹದಿನೈದು ವರ್ಷಗಳಾಗಿದ್ದವು. ಆರೋಪವು ನ್ಯಾಯಾಲಯದ ವಿಚಾರಣೆಗೆ ಬರಲಿಲ್ಲ. ಬ್ರಿಟನ್ನಿನ ಗೊಲಾಂಜ್ ಪ್ರಕಾಶನ ಸಂಸ್ಥೆಯು ಬ್ರಾಡ್ಲಿಯವರ ಇ-ಪುಸ್ತಕಗಳಿಂದ ಬರುವ ಆದಾಯವನ್ನು ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆಗೆ ನೀಡುವುದಾಗಿ ಪ್ರಕಟಿಸಿತು. ಕಾದಂಬರಿಯನ್ನು ತಮ್ಮ ಜೀವನಕ್ಕೆ ದಾರಿ ತೋರಿದ ಗ್ರಂಥವೆಂದು ಭಾವಿಸಿದ್ದ ಅನೇಕ ಓದುಗರಿಗೆ ಇದು ಆಘಾತ ತಂದಿತು. ಹಿರಿಯರು ಪವಿತ್ರ ವಿಧಿಯ ಹೆಸರಿನಲ್ಲಿ ಕಿರಿಯರ ದೇಹಗಳನ್ನು ಅವರ ಅರಿವಿಲ್ಲದೆ ಬಳಸಿಕೊಳ್ಳುವ ಬೆಲ್ಟೇನಿನಂತಹ ಪ್ರಸಂಗಗಳನ್ನು ಈ ಹಿನ್ನೆಲೆಯಲ್ಲಿ ಮರಳಿ ಓದಿದವರಿಗೆ ಅವು ಮೊದಲಿನಂತೆ ಕಾಣಲಿಲ್ಲ. ಕೃತಿಯನ್ನು ಕರ್ತೃವಿನಿಂದ ಬೇರ್ಪಡಿಸಿ ಓದಬಹುದೇ ಎಂಬ ಚರ್ಚೆಯಲ್ಲಿ ಈ ಕಾದಂಬರಿಯ ಹೆಸರು ಈಗ ಪದೇ ಪದೇ ಬರುತ್ತದೆ.

ಇದೇ ವಸ್ತುವಿನ ಇತರ ಕೃತಿಗಳು

ರೋಸ್ಮರಿ ಸಟ್‌ಕ್ಲಿಫ್ ಅವರ ‘ಸ್ವೋರ್ಡ್ ಅಟ್ ಸನ್‌ಸೆಟ್’ (1963) ಮತ್ತು ಮೇರಿ ಸ್ಟೀವರ್ಟ್ ಅವರ ‘ದಿ ಕ್ರಿಸ್ಟಲ್ ಕೇವ್’ (1970) ಆರ್ಥರನ ಕಥೆಯನ್ನು ರೋಮನ್ನೋತ್ತರ ಬ್ರಿಟನ್ನಿಗೆ ಮೊದಲೇ ಕೊಂಡೊಯ್ದಿದ್ದವು. ಬ್ರಾಡ್ಲಿಯವರ ನಂತರ ಸ್ಟೀಫನ್ ಲಾಹೆಡ್ ‘ಟಾಲಿಯೆಸಿನ್’ (1987) ಕೃತಿಯಿಂದ ಆರಂಭವಾದ ಮಾಲೆಯಲ್ಲಿ ಇದೇ ವಸ್ತುವನ್ನು ಕ್ರೈಸ್ತ ದೃಷ್ಟಿಯಿಂದ ಬರೆದರು. ಬರ್ನಾರ್ಡ್ ಕಾರ್ನ್‌ವೆಲ್ ಅವರ ‘ದಿ ವಿಂಟರ್ ಕಿಂಗ್’ (1995) ಎರಡೂ ಪಕ್ಷಗಳ ಮತಾಂಧತೆಯನ್ನು ಸಂಶಯದಿಂದ ನೋಡುತ್ತದೆ. ಅದರ ನಿರೂಪಕ ಮುಪ್ಪಿನಲ್ಲಿ ಕ್ರೈಸ್ತ ಸನ್ಯಾಸಿಯಾದ ಹಳೆಯ ಯೋಧ. ಜೂಲಿಯೆಟ್ ಮರಿಲಿಯರ್ ಅವರ ‘ಡಾಟರ್ ಆಫ್ ದಿ ಫಾರೆಸ್ಟ್’ (1999) ಇದೇ ಬಗೆಯ ಸಂಧಿಕಾಲವನ್ನು ಐರ್ಲೆಂಡಿನ ನೆಲದಲ್ಲಿ ಚಿತ್ರಿಸುತ್ತದೆ.

ಪೂರ್ವಕಥೆಗಳು ಮತ್ತು ರೂಪಾಂತರ

ಬ್ರಾಡ್ಲಿ ಮುಂದೆ ಡಯಾನಾ ಎಲ್. ಪ್ಯಾಕ್ಸನ್ ಅವರ ನೆರವಿನಿಂದ ಅವಲಾನಿನ ಪೂರ್ವಕಥೆಗಳನ್ನು ಬರೆದರು. ರೋಮನ್ ಆಳ್ವಿಕೆಯ ಕಾಲದ ‘ದಿ ಫಾರೆಸ್ಟ್ ಹೌಸ್’ ಇವುಗಳಲ್ಲಿ ಮೊದಲನೆಯದು. ‘ಲೇಡಿ ಆಫ್ ಅವಲಾನ್’ 1997ರಲ್ಲಿ ಪ್ರಕಟವಾಯಿತು. ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ಹೆಲೆನಾಳನ್ನು ಕುರಿತ ‘ಪ್ರೀಸ್ಟೆಸ್ ಆಫ್ ಅವಲಾನ್’ ಕಾದಂಬರಿಯನ್ನು ಬ್ರಾಡ್ಲಿಯವರ ಮರಣಾನಂತರ ಪ್ಯಾಕ್ಸನ್ ಪೂರ್ಣಗೊಳಿಸಿದರು. ಬಳಿಕ ಮಾಲೆಗೆ ಇನ್ನೂ ಮೂರು ಕೃತಿಗಳನ್ನು ಸೇರಿಸಿದರು.

2001ರಲ್ಲಿ ಅಮೆರಿಕದ ಟಿಎನ್‌ಟಿ ವಾಹಿನಿಯು ಕಾದಂಬರಿಯನ್ನು ಕಿರುಧಾರಾವಾಹಿಯಾಗಿ ಪ್ರಸಾರ ಮಾಡಿತು. ಊಲಿ ಎಡೆಲ್ ನಿರ್ದೇಶಿಸಿದ ಇದರಲ್ಲಿ ಜೂಲಿಯಾನಾ ಮಾರ್ಗುಲೀಸ್ ಮಾರ್ಗೇನಳಾಗಿ, ಆಂಜೆಲಿಕಾ ಹ್ಯೂಸ್ಟನ್ ವಿವಿಯನಳಾಗಿ, ಜೋನ್ ಆಲೆನ್ ಮಾರ್ಗೋಸಳಾಗಿ, ಸಮಂತಾ ಮ್ಯಾಥಿಸ್ ಗ್ವೆನ್‌ಹ್ವಿವರಳಾಗಿ ನಟಿಸಿದ್ದಾರೆ. ಕಥೆಯನ್ನು ಬಹಳಷ್ಟು ಸಂಕ್ಷೇಪಿಸಿದ ಈ ರೂಪಾಂತರದಲ್ಲಿ ಮಾರ್ಗೋಸಳ ಅಧಿಕಾರದಾಹಕ್ಕೆ ಹೆಚ್ಚು ಒತ್ತು ಸಿಕ್ಕಿದ್ದು, ಧರ್ಮಸಂಘರ್ಷದ ವಾದವಿವಾದಗಳು ಹಿನ್ನೆಲೆಗೆ ಸರಿದಿವೆ.